ನಡೆದು ಹೋಗುವವರ ಬೀದಿ

(ಗುಡಿಬಂಡೆಯಲ್ಲಿ ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ತೋಟದ ಕೆಲಸದವರ ಕೂಟದಲ್ಲಿ ಪಟ್ಟಣದ ಬೀದಿಯ ಮಾತು ಯಾಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಅದಕ್ಕೇ ಮೊದಲಿಗೆ ಕೇಳಿದೆ, ಬೆಂಗಳೂರಿನಲ್ಲಿ ದುಡಿಯುತ್ತಿರುವ ಮಗನೋ ಮಗಳೋ, ತಂಗಿಯೋ ಅಳಿಯನೋ ಇರುವ ಮನೆಯವರು ಕೈ ಎತ್ತಿರಿ ಎಂದು. ಎತ್ತದೆ ಉಳಿದ ಕೈಗಳನ್ನು ಎಣಿಸುವುದೇ ಸುಲಭವಾಯಿತು. ಮಳೆ ಕೈಕೊಟ್ಟ ವರ್ಷ ನಮ್ಮ ಮಡಕಶಿರಾ ಸೀಮೆಯ ಜನ ಹಿಂದೂಪುರ, ಗೌರಿಬಿದನೂರು, ದೊಡ್ಡಬಳ್ಳಾಪುರದ ದಾರಿ ಹಿಡಿದು ಬೆಂಗಳೂರು ಸೇರುತ್ತಾರೆ. ಈ ಪತ್ರಿಕೆ ಓದುವ ಕಾಫಿ ಸೀಮೆಯ ಲೈನು ಮನೆಗಳ ಮಕ್ಕಳೂ ಈಗ ಅಲ್ಲಿಗೇ ಹೋಗುತ್ತಿದ್ದಾರೆ. ನಾವು ಆಂಧ್ರಕ್ಕೆ ಸೇರಿದವರು, 2022ರಿಂದ ಅನಂತಪುರ ಜಿಲ್ಲೆ ಹೋಗಿ ಶ್ರೀ ಸತ್ಯಸಾಯಿ ಜಿಲ್ಲೆಯವರಾದೆವು. ಆದರೆ ಅನ್ನ ಹುಡುಕುವಾಗ ನಮ್ಮ ಕಾಲು ಹೊರಡುವುದು ಬೆಂಗಳೂರಿನ ಕಡೆಗೆ.

ಕಾಲು ಎಂದು ಬೇಕೆಂದೇ ಹೇಳಿದೆ. ಅಲ್ಲಿ ನಮ್ಮವರು ಯಾರೂ ಕಾರಿನಲ್ಲಿ ಓಡಾಡುವುದಿಲ್ಲ. ಕಾರು ಓಡಿಸುವವರು ಇದ್ದಾರೆ, ಅದು ಬೇರೆಯವರ ಕಾರು. ಕಾರು ಬಿಟ್ಟು ತಮ್ಮ ಕೋಣೆಗೆ ಹೋಗುವಾಗ ಅವರೂ ನಡೆದೇ ಹೋಗುತ್ತಾರೆ. ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಕಟ್ಟಡದ ಗಾರೆ ಕೆಲಸದವರು, ರಾತ್ರಿ ಕಾವಲಿನವರು, ಮನೆಗೆಲಸದ ತಾಯಂದಿರು, ಇವರಿಗೆಲ್ಲ ಕಾಲು, ಇಲ್ಲವೆ ಹಳೆಯ ಸೈಕಲ್ಲು, ಬಹಳವೆಂದರೆ ಬಸ್ಸು. ಬಸ್ಸಿನವನಾದರೂ ಇಳಿದ ಮೇಲೆ ನಡೆಯಬೇಕಷ್ಟೆ.

ನಮ್ಮ ಕಡೆಯ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಹೆಸರು ಬೇಡ, ಅವಳ ಮನೆಯವರು ಈ ಪತ್ರಿಕೆ ನೋಡುತ್ತಾರೆ. ಗಾರ್ಮೆಂಟ್ಸಿನಲ್ಲಿ ಟೇಲರ್. ಬೆಳಿಗ್ಗೆ ಎಂಟೂವರೆಗೆ ಎಂಟು ನಿಮಿಷ ಇರುವಾಗ ಬಸ್ಸಿಳಿದು, ದೊಡ್ಡ ರಸ್ತೆಯ ಬದಿಯಲ್ಲಿ ಗೆಳತಿಯರ ಜೊತೆ ನಡೆಯುತ್ತಿದ್ದಳು. ಫುಟ್‌ಪಾತ್ ಇತ್ತು. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಕೂತಿತ್ತು, ಸುತ್ತ ಕಬ್ಬಿಣದ ಬೇಲಿ, ಅದರ ಪಕ್ಕದಲ್ಲಿ ಚರಂಡಿಯ ಮೇಲಿನ ಚಪ್ಪಡಿ ಮುರಿದು ಬಾಯಿ ತೆರೆದಿತ್ತು. ಅಲ್ಲಿಗೆ ಬಂದವರೆಲ್ಲ ರಸ್ತೆಗೆ ಇಳಿದು ಹತ್ತು ಹೆಜ್ಜೆ ನಡೆದು ಮತ್ತೆ ಮೇಲೆ ಹತ್ತಬೇಕು. ದಿನವೂ ಹಾಗೇ. ಆ ಹತ್ತು ಹೆಜ್ಜೆಯಲ್ಲಿ ಹಿಂದಿನಿಂದ ಬಂದ ಒಂದು ಗೂಡ್ಸ್ ಗಾಡಿ ಅವಳ ಸೊಂಟಕ್ಕೆ ತಾಗಿಸಿಕೊಂಡು ಹೋಯಿತು. ತೊಡೆಯ ಮೂಳೆ ಮುರಿಯಿತು.

ನೋಡಲು ಹೋದಾಗ ನಮ್ಮ ಜೊತೆಗೆ ಬಂದಿದ್ದ ಹಿರಿಯರೊಬ್ಬರು, ಪ್ರೀತಿಯಿಂದಲೇ, "ನೋಡ್ಕೊಂಡು ಹೋಗಬಾರದಾಗಿತ್ತಾ ತಾಯಿ" ಎಂದರು. ಅವಳು, "ನೋಡ್ಕೊಂಡೇ ಹೋಗ್ತಿದ್ದೆ ಮಾವ, ಹಿಂದಗಡೆ ಕಣ್ಣಿಲ್ಲವಲ್ಲ" ಎಂದಳು.

ಅವತ್ತಿನಿಂದ ನನ್ನ ತಲೆಯಲ್ಲಿ ಈ ಮಾತು ಕೊರೆಯುತ್ತಿದೆ. ಗಾಡಿ ಹೊಡೆದರೆ ನಡೆಯುವವನನ್ನೇ ಕೇಳುತ್ತೇವೆ, ಯಾಕೆ ನೋಡಲಿಲ್ಲ ಎಂದು. ತೋಟದಲ್ಲಿ ಮರದಿಂದ ಬಿದ್ದವನನ್ನು ಯಾಕೆ ಹುಷಾರಾಗಿರಲಿಲ್ಲ ಎಂದು ಹಿಂದೆ ರೈಟರು ಮೇಸ್ತ್ರಿಗಳು ಕೇಳುತ್ತಿದ್ದರಲ್ಲ, ಅದೇ ಮಾತು. ಏಣಿ ಸರಿ ಇತ್ತೇ, ಹಗ್ಗ ಕೊಟ್ಟಿದ್ದರೇ ಎಂದು ತಿರುಗಿ ಕೇಳುವುದನ್ನು ನಾವು ಸಂಘ ಕಟ್ಟಿದ ಮೇಲೆ ಕಲಿತೆವು. ಬೀದಿಯ ವಿಷಯದಲ್ಲಿ ಇನ್ನೂ ಕಲಿತಿಲ್ಲ.

ಇದೇನು ಒಬ್ಬಳ ಕಥೆಯಲ್ಲ. ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಮಂತ್ರಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು ಎನ್ನಿ. ಸೈಕಲ್ ಸವಾರರು ಐದು ಸಾವಿರಕ್ಕೆ ಸ್ವಲ್ಪ ಕಡಿಮೆ. ದಿನದ ಲೆಕ್ಕ ಹಾಕಿದರೆ, ಬರಿಗಾಲಿನಲ್ಲೋ ಚಪ್ಪಲಿಯಲ್ಲೋ ಮನೆಯಿಂದ ಹೊರಟವರಲ್ಲಿ ತೊಂಬತ್ತು ಮಂದಿ ದಿನವೂ ಹಿಂದಕ್ಕೆ ಬರಲಿಲ್ಲ. ಇವರಾರೂ ಯಾರನ್ನೂ ಹೊಡೆದು ಕೊಂದವರಲ್ಲ.

ಈಗ ಬೀದಿ ಹೇಗಿರಬೇಕು ಎಂಬುದನ್ನು ನೋಡೋಣ. ಇದು ಇಂಜಿನಿಯರುಗಳ ವಿಷಯ, ನಮಗೇಕೆ ಎನ್ನಬೇಡಿ. ಕೂಲಿಯ ಲೆಕ್ಕವನ್ನೂ ಮೊದಲು ಹಾಗೇ ಎನ್ನುತ್ತಿದ್ದೆವು.

ರಸ್ತೆ ಕಟ್ಟುವವರಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ನಿಯಮಗಳನ್ನು ಮಾಡಿಟ್ಟಿದೆ. ಪಾದಚಾರಿಗಳ ಬಗೆಗಿನ ಅದರ 2012ರ ಪುಸ್ತಕದ ಪ್ರಕಾರ ಫುಟ್‌ಪಾತಿನಲ್ಲಿ ಏನೂ ಅಡ್ಡವಿಲ್ಲದ ಜಾಗ ಕಡಿಮೆಯೆಂದರೂ 1.8 ಮೀಟರು ಇರಬೇಕು. ಅಂದರೆ ಆರಡಿ. ಕೈಗಾಡಿಯಲ್ಲಿ ಕೂತ ಅಂಗವಿಕಲರಿಬ್ಬರು ಎದುರುಬದುರಾಗಿ ಬಂದರೂ ದಾಟಿ ಹೋಗುವಷ್ಟು. ಎತ್ತರ 150 ಮಿಲಿಮೀಟರು ಮೀರಬಾರದು, ಅಂದರೆ ಒಂದು ಗೇಣಿಗಿಂತ ಕಡಿಮೆ. ಬೆಂಗಳೂರಿನ ಎಷ್ಟೋ ಕಡೆ ಫುಟ್‌ಪಾತ್ ಮೊಣಕಾಲೆತ್ತರ ಇದೆ. ಬಸುರಿ ಹೆಂಗಸು, ಮಂಡಿನೋವಿನ ಮುದುಕ ಪ್ರತಿ ಗೇಟಿನ ಮುಂದೆ ಇಳಿದು ಹತ್ತಿ ಇಳಿದು ಹತ್ತಿ, ಕೊನೆಗೆ ಸಾಕಾಗಿ ರಸ್ತೆಯಲ್ಲೇ ನಡೆಯುತ್ತಾರೆ. ಆಗ ನೋಡಿ, ಫುಟ್‌ಪಾತ್ ಇದ್ದರೂ ಈ ಜನ ರಸ್ತೆಯಲ್ಲೇ ನಡೆಯುತ್ತಾರೆ ಎಂದು ಬೈಗುಳ.

ಫುಟ್‌ಪಾತ್ ತೆರವು ಮಾಡಿ ಎಂದು ಅರ್ಜಿ ಕೊಟ್ಟರೆ ಅಧಿಕಾರಿಗಳು ಮೊದಲು ಎತ್ತುವುದು ಸೊಪ್ಪಿನ ಬುಟ್ಟಿಯನ್ನು, ಕಡಲೆಕಾಯಿ ಗಾಡಿಯನ್ನು. ಅವರೂ ನಮ್ಮವರೇ. ಬೀದಿ ವ್ಯಾಪಾರಿಗಳಿಗೆ 2014ರಲ್ಲಿ ಕಾಯ್ದೆಯಾಗಿದೆ, ಜಾಗ ಗುರುತಿಸಿ ಕೊಡಬೇಕೆಂದು ಅದರಲ್ಲಿದೆ. ಬುಟ್ಟಿ ಇಟ್ಟುಕೊಂಡ ಅಜ್ಜಿ ಎರಡಡಿ ಜಾಗ ಹಿಡಿದಿರುತ್ತಾಳೆ. ಪಕ್ಕದಲ್ಲಿ ಇಪ್ಪತ್ತು ಮೋಟಾರ್ ಸೈಕಲ್ಲು, ಎರಡು ಕಾರು ಫುಟ್‌ಪಾತಿನ ಮೇಲೇ ನಿಂತಿರುತ್ತವೆ. ಆದ್ದರಿಂದ ಅರ್ಜಿಯಲ್ಲಿ ಯಾವುದನ್ನು ಎತ್ತಬೇಕು ಎಂದು ಬಿಡಿಸಿ ಬರೆಯಿರಿ: ನಿಂತ ಗಾಡಿ, ಕಂಬ, ಟ್ರಾನ್ಸ್‌ಫಾರ್ಮರ್, ಕಟ್ಟಡದ ಮಣ್ಣು. ಒಬ್ಬ ಬಡವನಿಗೆ ದಾರಿ ಮಾಡಲು ಇನ್ನೊಬ್ಬ ಬಡವನ ಬುಟ್ಟಿ ಒದೆಸುವ ಕೆಲಸಕ್ಕೆ ನಮ್ಮ ಸಹಿ ಬೀಳಬಾರದು.

ಒಳ್ಳೆಯ ಬೀದಿ ಮಾಡಲು ಅವರಿಗೆ ಬರುವುದಿಲ್ಲವೆಂದಲ್ಲ. ಬೆಂಗಳೂರಿನ ನಡುಭಾಗದಲ್ಲಿ ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ ಮಲ್ಯ ರಸ್ತೆಗಳನ್ನು ಟೆಂಡರ್ ಶ್ಯೂರ್ ಎಂಬ ಯೋಜನೆಯಲ್ಲಿ ಹೊಸದಾಗಿ ಕಟ್ಟಿದರು. ನೀರಿನ ಕೊಳವೆ, ಕರೆಂಟಿನ ತಂತಿ ಎಲ್ಲ ಫುಟ್‌ಪಾತಿನ ಕೆಳಗೆ ಅಚ್ಚುಕಟ್ಟಾಗಿ ಹಾಕಿ, ಮೇಲೆ ಅಗಲವಾಗಿ ಕಲ್ಲು ಹಾಸಿದರು. ಚರ್ಚ್ ಸ್ಟ್ರೀಟನ್ನು 2018ರಲ್ಲಿ ಕಲ್ಲು ಹಾಸಿ ತೆರೆದರು. ನಾನು ಹೋಗಿ ನಡೆದು ನೋಡಿದ್ದೇನೆ, ಸೊಗಸಾಗಿದೆ, ಸುಳ್ಳು ಹೇಳಬಾರದು. ಆದರೆ ಬೊಮ್ಮನಹಳ್ಳಿಯಲ್ಲಿ, ಪೀಣ್ಯದಲ್ಲಿ, ಮೈಸೂರು ರಸ್ತೆಯ ಕಾರ್ಖಾನೆಗಳ ಮುಂದೆ ಸಾವಿರಾರು ಜನ ಒಂದೇ ಹೊತ್ತಿಗೆ ನಡೆದು ಬರುತ್ತಾರೆ. ಅಂಥ ಫುಟ್‌ಪಾತ್ ಮೊದಲು ಬೇಕಾಗಿದ್ದುದು ಅಲ್ಲಿ.

ಹೊಸೂರು ರಸ್ತೆಯನ್ನೇ ನೋಡಿ. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೇಲುಸೇತುವೆ ತೆರೆದರು. ಸುಂಕ ಕೊಟ್ಟ ಗಾಡಿ ಮೇಲೆ ನಿಲ್ಲದೆ ಹೋಗುತ್ತದೆ. ಕೆಳಗೆ ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಕಂಬಗಳ ನಡುವೆ ರಸ್ತೆ ದಾಟುತ್ತಾರೆ. ಇದೇ ರಸ್ತೆಯಲ್ಲಿ 2016ರ ಏಪ್ರಿಲ್ 18 ಮತ್ತು 19ರಂದು ಅವರೇ ಸಾವಿರಾರು ಮಂದಿ ನಡುಬೀದಿಯಲ್ಲಿ ನಿಂತಿದ್ದರು, ನಿಮಗೆ ನೆನಪಿರಬಹುದು. ಪ್ರಾವಿಡೆಂಟ್ ಫಂಡ್ ಹಣ ತೆಗೆಯುವುದಕ್ಕೆ ಕೇಂದ್ರ ಸರ್ಕಾರ ತಡೆ ಹಾಕಿದ್ದ ಕಾಲ. ಎರಡನೆಯ ದಿನ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದಿನವೂ ಅಂಚಿನಲ್ಲಿ ಹೆದರಿ ನಡೆಯುವವರು ಆ ರಸ್ತೆಯ ನಡುವೆ ನಿಂತದ್ದು ಆ ಎರಡು ದಿನವೇ. ರಸ್ತೆತಡೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಅಷ್ಟು ಜನ ಅಲ್ಲಿ ನಡೆಯುತ್ತಾರೆ ಎಂಬುದು ಊರಿಗೆ ತಿಳಿದದ್ದು ಅವತ್ತು ಎಂದಷ್ಟೇ ಹೇಳುತ್ತಿದ್ದೇನೆ.

ದಾಟುವ ವಿಷಯಕ್ಕೆ ಬಂದರೆ, ಈಗ ಎಲ್ಲೆಲ್ಲೂ ಸ್ಕೈವಾಕ್ ಕಟ್ಟುತ್ತಾರೆ, ಅದರ ಮೇಲೆ ದೊಡ್ಡ ದೊಡ್ಡ ಜಾಹೀರಾತು. ಹತ್ತು ಗಂಟೆ ನಿಂತು ಹೊಲಿದವಳು ನಲವತ್ತು ಮೆಟ್ಟಿಲು ಹತ್ತಿ ನಲವತ್ತು ಮೆಟ್ಟಿಲು ಇಳಿಯಬೇಕು, ಕಾರಿನಲ್ಲಿ ಕುಳಿತವನು ಮಾತ್ರ ಸಮತಟ್ಟಾಗಿ ಹೋಗಬೇಕು. ಯಾರ ಕಾಲಿಗೆ ದಣಿವಾಗಿದೆ ಎಂದು ಯೋಚಿಸಿ ಕಟ್ಟಿದ್ದಲ್ಲ ಅದು. ಹೆದ್ದಾರಿಯಲ್ಲಿ ಬೇಕಾದೀತು. ಊರೊಳಗಿನ ಬೀದಿಯಲ್ಲಿ ಬೇಕಾದದ್ದು ನೆಲದ ಮೇಲಿನ ಬಿಳಿಪಟ್ಟೆ, ಸಿಗ್ನಲ್ಲು, ಮತ್ತು ದಾಟಲು ಸಾಕಷ್ಟು ಸಮಯ. 24 ಮೀಟರು ಅಗಲದ ರಸ್ತೆ ದಾಟಲು ಗಟ್ಟಿಮುಟ್ಟಾದವನಿಗೇ 20 ಸೆಕೆಂಡು ಬೇಕು. ಹಸಿರು ಮನುಷ್ಯನ ದೀಪ ಹತ್ತು ಸೆಕೆಂಡಿಗೆ ಆರಿಹೋದರೆ ನಡುವೆ ಸಿಕ್ಕಿದವನು ಏನು ಮಾಡಬೇಕು? ರಸ್ತೆಯ ಮಧ್ಯೆ ನಿಲ್ಲಲು ಒಂದು ಕಟ್ಟೆಯಾದರೂ ಇರಬೇಕು. ಬಿಳಿಪಟ್ಟೆಯ ಮೇಲೆ ಪಾದಚಾರಿ ಇದ್ದರೆ ಚಾಲಕ ನಿಂತು ದಾರಿ ಬಿಡಬೇಕು, 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲೇ ಇದು ಇದೆ. ನಮ್ಮಲ್ಲಿ ಆಟೋ, ಟೆಂಪೋ ಓಡಿಸುವ ತಮ್ಮಂದಿರು ಇದ್ದೀರಿ, ಇದನ್ನು ನಿಮಗೂ ಹೇಳಬೇಕಾಗಿದೆ.

ವೇಗದ ಲೆಕ್ಕವೂ ಅವರಿಗೇ. ಗಂಟೆಗೆ 30 ಕಿಲೋಮೀಟರು ಓಡುವ ಗಾಡಿ ಒಂದು ಸೆಕೆಂಡಿನಲ್ಲಿ ಎಂಟು ಮೀಟರು ಮುಂದೆ ಹೋಗುತ್ತದೆ. ಅರವತ್ತಾದರೆ ಹದಿನಾರು ಮೀಟರು. ಎದುರಿಗೆ ಮಗು ಬಂತು ಎಂದು ಕಣ್ಣಿಗೆ ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೇ ಬೇಕು. ಅಷ್ಟರಲ್ಲಿ ಗಾಡಿ ಹದಿನಾರು ಮೀಟರು ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ ಹೊಡೆತದ ಬಲ ನಾಲ್ಕು ಪಟ್ಟು. ಅದಕ್ಕೇ ಮೂವತ್ತರಲ್ಲಿ ಕೈಕಾಲು ಮುರಿದು ಬದುಕುವವನು ಅರವತ್ತರಲ್ಲಿ ಉಳಿಯುವುದು ಅಪರೂಪ. ಶಾಲೆ, ಆಸ್ಪತ್ರೆ, ಕಾರ್ಖಾನೆ ಗೇಟು, ಸಂತೆಬೀದಿ ಇವುಗಳ ಮುಂದೆ ಮೂವತ್ತಕ್ಕಿಂತ ಮೇಲೆ ಓಡಿಸಲಾಗದಂತೆ ಬೀದಿಯನ್ನೇ ಕಟ್ಟಬೇಕು. ಬೋರ್ಡು ನೋಡಿ ಯಾರೂ ನಿಧಾನ ಮಾಡುವುದಿಲ್ಲ. ಉಬ್ಬು ನೋಡಿ ಮಾಡುತ್ತಾರೆ, ತಿರುವು ಇಕ್ಕಟ್ಟಾದರೆ ಮಾಡುತ್ತಾರೆ.

ಸೈಕಲ್ಲಿನ ಮಾತು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ, ಕೊರೋನಾ ಕಾಲದಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಸೈಕಲ್ಲಿಗೆಂದು ಓಣಿ ಬಿಡಿಸಿ ಗೂಟ ನೆಟ್ಟರು. ಗೂಟಗಳು ಮುರಿದವು, ಓಣಿಯಲ್ಲಿ ಮೋಟಾರ್ ಸೈಕಲ್ಲು ಓಡಿದವು, ಆಮೇಲೆ ಮೆಟ್ರೋ ಕೆಲಸ ಬಂತು. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ಲಿನ ವ್ಯವಸ್ಥೆ ಆರಂಭಿಸಿದರು. ಇವೆಲ್ಲ ಒಳ್ಳೆಯದೇ. ಆದರೆ ಪೇಪರಿನಲ್ಲಿ ಸೈಕಲ್ಲಿನ ಸುದ್ದಿ ಬಂದಾಗಲೆಲ್ಲ ಹೆಲ್ಮೆಟ್ಟು ಹಾಕಿ ಬಣ್ಣದ ಬಟ್ಟೆ ತೊಟ್ಟ ಕಂಪ್ಯೂಟರ್ ಕಂಪನಿಯವರ ಚಿತ್ರ ಇರುತ್ತದೆ. ಬೆಳಗಿನ ನಾಲ್ಕಕ್ಕೆ ಕಾವಲು ಮುಗಿಸಿ ಹೊರಡುವವನ, ಹಾಲು ಹಾಕುವ ಹುಡುಗನ ಚಿತ್ರವನ್ನು ನಾನು ನೋಡಿಲ್ಲ. ಸೈಕಲ್ಲು ಅವನಿಗೆ ವ್ಯಾಯಾಮವಲ್ಲ, ಬಸ್ ಚಾರ್ಜು ಉಳಿಸುವ ದಾರಿ. ಅವನಿಗೆ ಬೇಕಾದದ್ದು ಬಣ್ಣದ ಪಟ್ಟೆಯಲ್ಲ, ಮೋಟಾರು ಹತ್ತಿ ಬರಲಾಗದಂತೆ ಕಲ್ಲಿನ ಅಂಚು ಕಟ್ಟಿದ ಓಣಿ. ಅದು ಆಗುವವರೆಗೆ ಮನೆಯವರು ಒಂದು ಕೆಲಸ ಮಾಡಿ: ಅವನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಹೊಳೆಯುವ ಕೆಂಪು ರಿಫ್ಲೆಕ್ಟರ್ ಇದೆಯೇ ನೋಡಿ.

ಹೊರದೇಶದ ಒಂದು ಸಂಗತಿ. ಹಾಲೆಂಡಿನಲ್ಲಿ ಎಲ್ಲರೂ ಸೈಕಲ್ ತುಳಿಯುತ್ತಾರೆ, ಅದು ಅವರ ಸಂಸ್ಕೃತಿ ಎಂದು ಹೇಳುತ್ತಾರೆ. ಪೂರ್ತಿ ನಿಜವಲ್ಲ. ಯುದ್ಧವಾದ ಮೇಲೆ ಅಲ್ಲೂ ಕಾರು ತುಂಬಿ, 1971ರ ಒಂದೇ ವರ್ಷದಲ್ಲಿ ಮೂರು ಸಾವಿರಕ್ಕೂ ಮೇಲೆ ಜನ ಸತ್ತರು, ಅದರಲ್ಲಿ ನಾನ್ನೂರಕ್ಕೂ ಹೆಚ್ಚು ಮಕ್ಕಳು. ವಿಕ್ ಲಾಂಗೆನ್‌ಹೋಫ್ ಎಂಬ ಪತ್ರಕರ್ತನ ಮಗಳು ರಸ್ತೆಯಲ್ಲಿ ಸತ್ತಳು. ಅವನು 1972ರಲ್ಲಿ, ಮಕ್ಕಳ ಕೊಲೆ ನಿಲ್ಲಿಸಿ ಎಂಬ ಅರ್ಥದ ತಲೆಬರಹ ಕೊಟ್ಟು ಲೇಖನ ಬರೆದ. ಅದೇ ಹೆಸರಿನಲ್ಲಿ ತಂದೆತಾಯಿಯರು ಚಳವಳಿ ಕಟ್ಟಿದರು. ಅಪಘಾತ ಎನ್ನದೆ ಕೊಲೆ ಎಂದು ಕರೆದರು ನೋಡಿ, ಅದು ಸರ್ಕಾರಕ್ಕೆ ಚುಚ್ಚಿತು. ಮರುವರ್ಷ ತೈಲದ ಅಭಾವವೂ ಬಂತು. ಈಗಿರುವ ಸೈಕಲ್ ದಾರಿಗಳು ಬಹುಪಾಲು ಆಮೇಲೆ ಕಟ್ಟಿದವು. ನಾರ್ವೆಯ ಓಸ್ಲೋ ಪಟ್ಟಣದಲ್ಲಿ 2019ರಲ್ಲಿ ವರ್ಷವಿಡೀ ಒಬ್ಬ ಪಾದಚಾರಿಯಾಗಲಿ ಒಬ್ಬ ಸೈಕಲ್ ಸವಾರನಾಗಲಿ ಸಾಯಲಿಲ್ಲ. ಬೆಂಗಳೂರಿಗಿಂತ ಬಹಳ ಸಣ್ಣ ಊರು, ಒಪ್ಪುತ್ತೇನೆ. ಆದರೂ ಸೊನ್ನೆ ಎಂಬುದು ಆಗಬಲ್ಲ ಸಂಗತಿ ಎಂದು ತಿಳಿಯಿತಲ್ಲ.

ನಮ್ಮ ದೇಶದಲ್ಲೂ ದಾರಿ ತೆರೆದಿದೆ. ಕೊಯಮತ್ತೂರಿನ ಮೂಳೆ ವೈದ್ಯರಾದ ಡಾ. ಎಸ್. ರಾಜಶೇಖರನ್ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಮೊಕದ್ದಮೆಯಲ್ಲಿ 2025ರ ಮೇ 14ರಂದು ಕೋರ್ಟು, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದು ಹೇಳಿತು. ಅಕ್ಟೋಬರ್ 7ರಂದು, ಪಾದಚಾರಿಗಳ ಮತ್ತು ಸೈಕಲ್ಲಿನಂಥ ಮೋಟಾರಿಲ್ಲದ ಗಾಡಿಗಳ ಬಗ್ಗೆ ಆರು ತಿಂಗಳಲ್ಲಿ ನಿಯಮ ಮಾಡಿ ಎಂದು ರಾಜ್ಯಗಳಿಗೆ ಆಜ್ಞೆ ಮಾಡಿತು. ರಸ್ತೆಯ ಕಟ್ಟೋಣದಲ್ಲಿ ನಿಯಮ ತಪ್ಪಿ ಜೀವ ಹೋದರೆ ಗುತ್ತಿಗೆದಾರನಿಗೂ ಅಧಿಕಾರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ತಿದ್ದುಪಡಿಯಲ್ಲೇ ಅವಕಾಶವಿದೆ. ಆದಕಾರಣ ನಾವು ಫುಟ್‌ಪಾತ್ ಕೇಳುವಾಗ ಬೇಡುವವರ ಧ್ವನಿ ಬೇಡ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳಾಗಿವೆ. ನಿಮ್ಮ ಮಕ್ಕಳು ಇರುವ ಜಾಗ ಯಾವುದಕ್ಕೆ ಸೇರಿದೆ ಎಂದು ಮೊದಲು ಕೇಳಿ ತಿಳಿದುಕೊಳ್ಳಲಿ, ಇಲ್ಲದಿದ್ದರೆ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ.

ಈಗ ಆ ಹುಡುಗಿಯ ಮಿಕ್ಕ ಕಥೆ. ಕಾರ್ಖಾನೆಯ ಕಚೇರಿಯವರು ಅವಳ ಕಾಗದದಲ್ಲಿ ಕಾಯಿಲೆ ಎಂದು ಬರೆದು ಇ.ಎಸ್.ಐ.ಗೆ ಕಳುಹಿಸಿದ್ದರು. ಕಾಯಿಲೆಯ ಭತ್ಯೆ ಕೂಲಿಯ ನೂರಕ್ಕೆ 70, ಅದೂ ವರ್ಷದಲ್ಲಿ 91 ದಿನ ಮಾತ್ರ. ಕೆಲಸದಲ್ಲಿ ಆದ ಗಾಯವೆಂದು ದಾಖಲಾದರೆ ನೂರಕ್ಕೆ 90, ಗುಣವಾಗುವವರೆಗೆ. ದಿನಕ್ಕೆ ನಾನ್ನೂರು ರೂಪಾಯಿ ಎಂದು ಹಿಡಿದರೆ, 280ಕ್ಕೂ 360ಕ್ಕೂ ಇರುವ ವ್ಯತ್ಯಾಸ. ಮನೆಯಿಂದ ಕೆಲಸಕ್ಕೆ ಹೋಗುವ ಬರುವ ದಾರಿಯಲ್ಲಿ, ಕೆಲಸದ ಹೊತ್ತಿಗೆ ಸಂಬಂಧಪಟ್ಟಂತೆ ಆದ ಅಪಘಾತವೂ ಕೆಲಸದಲ್ಲಿ ಆದದ್ದೇ ಎಂದು 2010ರಲ್ಲೇ ಇ.ಎಸ್.ಐ. ಕಾಯ್ದೆಗೆ ಸೇರಿಸಿದ್ದರು. ನಮಗೆ ತಿಳಿದಿರಲಿಲ್ಲ. ಸಂಘದಲ್ಲಿ ಇಷ್ಟು ವರ್ಷ ಓಡಾಡಿದ ನನಗೂ ತಿಳಿದಿರಲಿಲ್ಲ, ನಾಚಿಕೆಯಿಂದಲೇ ಹೇಳುತ್ತೇನೆ. ಮೂರು ತಿಂಗಳು ಕಳೆದ ಮೇಲೆ ಓಡಾಡಿ ಸರಿಮಾಡಿಸಿದೆವು. ಇ.ಎಸ್.ಐ. ಇಲ್ಲದ ಕೆಲಸಗಾರರ ವಿಷಯದಲ್ಲೂ ಸುಪ್ರೀಂ ಕೋರ್ಟು 2025ರ ಜುಲೈ 29ರಂದು ಹೀಗೇ ತೀರ್ಪು ಕೊಟ್ಟಿದೆ. ಸಕ್ಕರೆ ಕಾರ್ಖಾನೆಯ ಕಾವಲುಗಾರ, ರಾತ್ರಿ ಮೂರರ ಪಾಳಿಗೆ ಹೋಗುತ್ತಾ 2003ರಲ್ಲಿ ದಾರಿಯಲ್ಲಿ ಸತ್ತವನು. ಅವನ ಹೆಂಡತಿ ಮಕ್ಕಳು ಇಪ್ಪತ್ತೆರಡು ವರ್ಷ ಕಾದಿದ್ದರು. ಈಗ 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದು ಇದೆ. ಎಸ್ಟೇಟಿಗೆ ನಡೆದೋ ಸೈಕಲ್ಲಿನಲ್ಲೋ ಹೋಗುವ ನಮಗೂ ಇದು ಬೇಕಾದ ಮಾತು. ದಾರಿಯಲ್ಲಿ ಏಟಾದ ದಿನವೇ ಹೊತ್ತು, ಜಾಗ, ಕೆಲಸಕ್ಕೆ ಹೋಗುವಾಗಲೋ ಬರುವಾಗಲೋ ಎಂಬುದನ್ನು ಬರೆಸಿಡಿ.

ಇನ್ನೊಂದು. ಬಿದ್ದವರನ್ನು ಎತ್ತಿದರೆ ಪೊಲೀಸು ಕೋರ್ಟು ಎಂದು ಹೆದರಿ ಜನ ದೂರ ನಿಲ್ಲುತ್ತಿದ್ದರು. ಅವಳ ಸುತ್ತಲೂ ಹಾಗೇ ನಿಂತಿದ್ದರಂತೆ. ಎತ್ತಿದವರನ್ನು ಕಾಪಾಡಲು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಒಂದು ಕಲಮು ಸೇರಿಸಿದ್ದಾರೆ, ಅದಕ್ಕೆ ಸರ್ಕಾರವೇ ಇಟ್ಟ ಹೆಸರು ಗುಡ್ ಸಮಾರಿಟನ್. ಲೂಕನ ಸುವಾರ್ತೆಯ ಆ ಸಮಾರ್ಯದವನೇ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ತನ್ನ ಸವಾರಿಯ ಮೇಲೆ ಕೂರಿಸಿದ ಮೇಲೆ ಅವನು ಉಳಿದ ದಾರಿಯನ್ನು ನಡೆದೇ ಹೋಗಿರಬೇಕು. ಎತ್ತಿದವರು ಹೆಸರು ಹೇಳಲೇಬೇಕೆಂದಿಲ್ಲ, ಅವರನ್ನು ಹಿಡಿದಿಡುವಂತಿಲ್ಲ. ಮೋಟಾರು ಗಾಡಿಯಿಂದ ಏಟಾದವರಿಗೆ ಮೊದಲ ಏಳು ದಿನ ಒಂದೂವರೆ ಲಕ್ಷ ರೂಪಾಯಿವರೆಗೆ ಹಣ ಕಟ್ಟದೆ ಚಿಕಿತ್ಸೆ ಸಿಗುವ ಯೋಜನೆಯೂ 2025ರ ಮೇ ತಿಂಗಳಲ್ಲಿ ಬಂದಿದೆ. ಗಾಡಿಯವನು ನಿಲ್ಲಿಸದೆ ಓಡಿಹೋದರೆ, ಜೀವ ಹೋದವರ ಮನೆಗೆ ಎರಡು ಲಕ್ಷ, ದೊಡ್ಡ ಗಾಯಕ್ಕೆ ಐವತ್ತು ಸಾವಿರ ರೂಪಾಯಿ, 2022ರ ಏಪ್ರಿಲ್‌ನಿಂದ.

ಆ ಹುಡುಗಿ ಈಗ ಕೋಲು ಹಿಡಿದು ನಡೆಯುತ್ತಾಳೆ, ಕೆಲಸಕ್ಕೂ ಹೋಗುತ್ತಿದ್ದಾಳೆ. ಟ್ರಾನ್ಸ್‌ಫಾರ್ಮರ್ ಅಲ್ಲೇ ಇದೆ. ಚಪ್ಪಡಿ ಮಾತ್ರ ಹಾಕಿದ್ದಾರೆ, ಅವಳ ಗೆಳತಿಯರು ನೂರಾ ಹನ್ನೆರಡು ಮಂದಿ ಸಹಿ ಮಾಡಿ ಕೊಟ್ಟ ಮೇಲೆ. ಅರ್ಜಿಯ ನಕಲು ಆ ಮೇಜಿನ ಮೇಲೆ ಇದೆ. ರಸ್ತೆಯ ಹೆಸರು, ಅಳತೆ, ದಿನಕ್ಕೆ ಎಷ್ಟು ಜನ ನಡೆಯುತ್ತಾರೆ ಎಂಬುದನ್ನು ತುಂಬಲು ಜಾಗ ಬಿಟ್ಟಿದ್ದೇವೆ. ಹಬ್ಬಕ್ಕೆ ಮಕ್ಕಳು ಊರಿಗೆ ಬಂದಾಗ ಕೈಯಲ್ಲಿ ಕೊಟ್ಟು ಕಳುಹಿಸಿ. ಅಳತೆ ಮಾಡಲು ಟೇಪು ಇಲ್ಲದವರು ಬಟ್ಟೆ ಹೊಲಿಯುವ ಟೇಪಿನಲ್ಲೇ ಮಾಡಬಹುದು, ಗಾರ್ಮೆಂಟ್ಸಿನವರ ಹತ್ತಿರ ಅದಕ್ಕೇನು ಕೊರತೆಯಿಲ್ಲ.